ಬಸುರಿಯ ಪಾಲು



ಸೂರತ್, ನವಸಾರಿ, ಅಂಕಲೇಶ್ವರಗಳ ಕನ್ನಡಿಗರು ಸೇರಿರುವ ಈ ಸಭೆಯ ಉಪನ್ಯಾಸ ದತ್ತಿಯನ್ನು ಒಂದು ಕುಟುಂಬದ ಮಕ್ಕಳು ತಮ್ಮ ತಾಯಿಯ ನೆನಪಿಗೆ ಇಟ್ಟಿದ್ದಾರೆ. ವಿಷಯ ನಿಮ್ಮ ಇಷ್ಟ ಎಂದು ಸಂಘದವರು ಹೇಳಿದಾಗ ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ. ತಾಯಿಯ ಹೆಸರಿನ ವೇದಿಕೆಯಲ್ಲಿ ತಾಯಿಯಾಗಲಿರುವವಳ ಊಟದ ಮಾತು ಆಡೋಣ ಎಂದುಕೊಂಡೆ. ಅದರಲ್ಲೂ ಇಲ್ಲಿಗೆ ಹತ್ತಿರದ ಸಚಿನ್‌ನಲ್ಲಿ ಬಾಡಿಗೆ ಕೋಣೆಗಳಲ್ಲಿ ಬದುಕುವ ಬಸುರಿಯರ ಊಟದ ಮಾತು. ಪೋಷಣಶಾಸ್ತ್ರವನ್ನು ಓದಿ, ಕಲಿಸಿ, ಕೆಲವು ವರ್ಷ ಈ ಭಾಗದ ಅಂಗನವಾಡಿಗಳಿಗೆ ಓಡಾಡಿದವಳು ನಾನು. ಬೆಳಗಾವಿ ಕಡೆಯವಳಾದ್ದರಿಂದ ಮರಾಠಿ ಬರುತ್ತದೆ. ಮಹಾರಾಷ್ಟ್ರದ ಖಾನ್‌ದೇಶದಿಂದ ಬಂದ ಹೆಣ್ಣುಮಕ್ಕಳೊಡನೆ ಕೂತು ಮಾತಾಡಲು ಅದು ನೆರವಾಯಿತು.

ನಮ್ಮ ಕಡೆ ಬಸುರಿಗೆ ಕುಬಸ ಮಾಡುವಾಗ ಹಸಿರು ಸೀರೆ ಉಡಿಸುತ್ತೇವೆ, ಹಸಿರು ಬಳೆ ತೊಡಿಸುತ್ತೇವೆ, ಉಡಿ ತುಂಬುತ್ತೇವೆ. ಗುಜರಾತಿಗಳೂ ಬಸುರಿಗೆ ಉಡಿ ತುಂಬುತ್ತಾರೆ. ಅದನ್ನು ಖೋಳೋ ಎನ್ನುತ್ತಾರೆ, ಸೀಮಂತ ಎಂಬ ಮಾತೂ ಅವರಲ್ಲಿದೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ, ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ, ಬೆಳಗಾವಿಯ ಖಡೇಬಜಾರಿನಲ್ಲಿ ಕಡಿಮೆ ದರಕ್ಕೆ ಸಿಗುವ ಆ ಹಸಿರು ಸೀರೆ ಬಹುಪಾಲು ಬರುವುದು ಸೂರತ್‌ನಿಂದ. ಉಧ್ನಾ, ಪಾಂಡೇಸರಾ, ಭೇಸ್ತಾನ್, ಸಚಿನ್‌ಗಳ ಮಗ್ಗದಲ್ಲಿ ನೇಯ್ದು, ಬಣ್ಣದ ಕಾರ್ಖಾನೆಯಲ್ಲಿ ಮಿಂದು, ಕಡೆಗೆ ಗಂಟು ಕಟ್ಟಿ ಮನೆಮನೆಗೆ ಹೋಗುತ್ತದೆ. ಅಲ್ಲಿ ಹೆಂಗಸರು ಕಸೂತಿಯ ಹಿಂಬದಿಯ ದಾರ ಕತ್ತರಿಸುತ್ತಾರೆ, ಹರಳು ಅಂಟಿಸುತ್ತಾರೆ, ಅಂಚು ಹಚ್ಚುತ್ತಾರೆ. ಕೂಲಿ ಸೀರೆಗಿಷ್ಟು ಎಂದು.

ಅಂಥ ಒಂದು ಕೋಣೆಯಲ್ಲಿ ಒಬ್ಬಳು ಹಸಿರು ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು ದಾರ ಕತ್ತರಿಸುತ್ತಿದ್ದಳು. ನಂದುರಬಾರ್ ಕಡೆಯವಳು. ಏಳು ತಿಂಗಳು. ಹೊಟ್ಟೆ ಅಡ್ಡ ಬರುವುದರಿಂದ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದಳು. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದೆ. ಚಹಾ, ಎರಡು ಖಾರಿ ಬಿಸ್ಕತ್ತು. ಮಧ್ಯಾಹ್ನ? ಅವಳು ಪಾತ್ರೆಯ ಮುಚ್ಚಳ ತೆಗೆದು ತೋರಿಸಿದಳು. ತಳದಲ್ಲಿ ಒಂದು ಹಿಡಿ ಅನ್ನ. ಇನ್ನೊಂದರಲ್ಲಿ ಬೇಳೆಯ ತಿಳಿ, ಕಾಳಿಲ್ಲ. ಹನ್ನೆರಡು ಗಂಟೆಯ ಪಾಳಿಗೆ ಹೋಗುವ ಗಂಡನ ಡಬ್ಬಿಗೆ ಗಟ್ಟಿ ಬೇಳೆ ಹೋಗಿತ್ತು, ಉಳಿದದ್ದರಲ್ಲಿ ಎರಡು ಮಕ್ಕಳು ಉಂಡಿದ್ದವು. ಮಾತಿನ ನಡುವೆ ಸೆರಗಿನ ಗಂಟು ಬಿಚ್ಚಿ ಏನೋ ಬಾಯಿಗೆ ಹಾಕಿಕೊಂಡಳು. ನೋಡಿದರೆ ಒಣಗಿದ ಮಣ್ಣಿನ ಹೆಂಟೆ. ನಮ್ಮಲ್ಲೂ ಬಸುರಿಯರು ಶೇಡಿಮಣ್ಣು ತಿನ್ನುವುದನ್ನು ನೀವು ಕಂಡಿರಬಹುದು. ಬಯಕೆ ಎಂದು ನಕ್ಕು ಬಿಡುತ್ತೇವೆ. ಮೈಯಲ್ಲಿ ಕಬ್ಬಿಣ ತೀರಾ ಕಡಿಮೆಯಾದವರಲ್ಲಿ ಈ ಬಯಕೆ ಹೆಚ್ಚಾಗಿ ಕಾಣುತ್ತದೆ. ಊರಿನಲ್ಲಿ ಕೊಟ್ಟಿದ್ದ ಅವಳ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 8.2 ಎಂದಿತ್ತು. ಗರ್ಭಿಣಿಗೆ 11 ಗ್ರಾಂ ಇರಬೇಕು. 7ಕ್ಕಿಂತ ಇಳಿದರೆ ಹೆರಿಗೆಯ ಹೊತ್ತಿನ ರಕ್ತಸ್ರಾವವನ್ನು ತಾಳುವ ಶಕ್ತಿ ಮೈಗೆ ಉಳಿಯುವುದಿಲ್ಲ.

ಇದು ಒಬ್ಬಳ ಕಥೆಯಲ್ಲ ಎಂಬುದಕ್ಕೆ ಸರಕಾರದ ಲೆಕ್ಕವೇ ಸಾಕ್ಷಿ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52.2 ಮಂದಿಗೆ ರಕ್ತಹೀನತೆ. ಗುಜರಾತಿನಲ್ಲಿ ಶೇ 62.6. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಇದೇ ರಾಜ್ಯದ ಅಂಕಿ ಶೇ 51.3 ಇತ್ತು. ನಮ್ಮ ಕರ್ನಾಟಕ ಶೇ 45.7ರ ಹತ್ತಿರ ನಿಂತಲ್ಲೇ ನಿಂತಿದೆ. ಹಾಲಿನ ಹೊಳೆ ಹರಿಯುವ ನಾಡು ಎಂದು ನಾವೆಲ್ಲ ಹೊಗಳುವ ಗುಜರಾತಿನಲ್ಲಿ, ಕಾರ್ಖಾನೆಗಳ ಹೊಗೆ ಎಂದೂ ಆರದ ಊರುಗಳಲ್ಲಿ, ಐವರು ಗರ್ಭಿಣಿಯರಲ್ಲಿ ಮೂವರ ರಕ್ತ ತೆಳುವಾಗಿದೆ. ರಾಜ್ಯದ ಸಿರಿ ಬಸುರಿಯ ತಟ್ಟೆಯವರೆಗೆ ತಾನಾಗಿ ಬರುವುದಿಲ್ಲ ಎಂದು ಇದಕ್ಕಿಂತ ಬಿಡಿಸಿ ಹೇಳುವ ಅಂಕಿ ನನಗೆ ಗೊತ್ತಿಲ್ಲ.

ಸಚಿನ್ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. 1791ರಿಂದ 1948ರವರೆಗೆ ಅದು ಒಂದು ಪುಟ್ಟ ಸಂಸ್ಥಾನ. ಆಳಿದವರು ಆಫ್ರಿಕಾ ಮೂಲದ ಸಿದ್ದಿ ನವಾಬರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನಂಚಿನಲ್ಲಿ ಕೂಲಿ ಮಾಡಿ ಬದುಕುವ ಸಿದ್ದಿಗಳನ್ನು ಬಲ್ಲ ನನಗೆ ಇದು ತಿಳಿದ ದಿನ ಬೆರಗಾಗಿತ್ತು. ಈಗ ಸಚಿನ್ ಸೂರತ್ ಮಹಾನಗರದೊಳಗೆ ಸೇರಿದೆ. ಕೈಗಾರಿಕಾ ವಸಾಹತು ಬೆಳೆದಂತೆ ಒಡಿಶಾದ ಗಂಜಾಂನಿಂದ, ಉತ್ತರಪ್ರದೇಶ, ಬಿಹಾರಗಳಿಂದ, ಖಾನ್‌ದೇಶದಿಂದ ಜನ ಬಂದರು. ಸುತ್ತಲಿನ ಕಬ್ಬಿನ ಸೀಮೆಗೆ ಡಾಂಗ್, ಧುಳೆ, ನಂದುರಬಾರ್‌ಗಳಿಂದ ಪ್ರತಿ ವರ್ಷ ಕಬ್ಬು ಕಡಿಯುವ ಜೋಡಿಗಳು ಬರುತ್ತವೆ. ಗಂಡಹೆಂಡಿರ ಜೋಡಿಗೆ ಕೊಯ್ತಾ ಎಂದು ಹೆಸರು. ಕತ್ತಿಯ ಹೆಸರೇ ಮನುಷ್ಯರಿಗೂ. ಹಂಗಾಮಿಗೆ ಮುಂಚೆ ಮುಂಗಡ ತೆಗೆದುಕೊಂಡಿರುತ್ತಾರೆ. ಹೆಂಡತಿ ಬಸುರಿಯೆಂದು ಮನೆಯಲ್ಲಿ ಬಿಟ್ಟು ಬಂದರೆ ಜೋಡಿ ಒಡೆಯುತ್ತದೆ, ಮುಂಗಡ ತೀರುವುದಿಲ್ಲ. ಹಾಗಾಗಿ ಅವಳೂ ಬರುತ್ತಾಳೆ, ಕಡಿದದ್ದನ್ನು ಹೊರೆ ಕಟ್ಟಿ ತಲೆಯ ಮೇಲೆ ಹೊರುತ್ತಾಳೆ. ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಗದ್ದೆಗಳಲ್ಲೂ ಇದನ್ನು ಕಂಡವರು ಈ ಸಭೆಯಲ್ಲಿದ್ದಾರೆ.

ಈಗ ಸ್ವಲ್ಪ ಹಿಂದೆ ಹೋಗೋಣ. ಸೂರತ್, ಅಹಮದಾಬಾದ್, ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಎಲ್ಲ ಒಂದೇ ಮುಂಬಯಿ ಪ್ರಾಂತವಾಗಿದ್ದ ಕಾಲ. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ಬಂದರು. ಬಟ್ಟೆ ಗಿರಣಿಯ ಬಸುರಿಯರಲ್ಲಿ ಒಂದು ಭೀಕರ ರಕ್ತಹೀನತೆ ಕಾಣುತ್ತಿತ್ತು. ಹೆರಿಗೆಗೆ ಮುಂಚೆಯೋ ಹೆರಿಗೆಯಲ್ಲೋ ಸಾಯುತ್ತಿದ್ದರು. ರೋಗಾಣು ಇರಬಹುದೆಂದು ಹುಡುಕಿದರು, ಸಿಗಲಿಲ್ಲ. ವಿಲ್ಸ್ ಆ ಹೆಂಗಸರ ಮನೆಗಳಲ್ಲಿ ಏನು ಬೇಯುತ್ತದೆ ಎಂದು ನೋಡತೊಡಗಿದರು. ಹಣ್ಣು, ಸೊಪ್ಪು, ಹಾಲು ಕಾಣದ ಅದೇ ಬಗೆಯ ಊಟವನ್ನು ಪ್ರಯೋಗಾಲಯದ ಇಲಿಗಳಿಗೆ, ಆಮೇಲೆ ಕೋತಿಗಳಿಗೆ ಕೊಟ್ಟರು. ಅವುಗಳ ರಕ್ತವೂ ತೆಳುವಾಯಿತು. ಅಗ್ಗದ ಯೀಸ್ಟ್ ಸಾರವಾದ ಮಾರ್ಮೈಟ್ ಕೊಟ್ಟಾಗ ಚೇತರಿಸಿಕೊಂಡವು. ಅದನ್ನೇ ಬಸುರಿಯರಿಗೆ ಕೊಟ್ಟರು. ಅವರೂ ಎದ್ದು ಕೂತರು. 1931ರಲ್ಲಿ ಇದನ್ನು ಪ್ರಕಟಿಸಿದರು. ಅದರೊಳಗಿನ ಸತ್ವಕ್ಕೆ ಬಹುಕಾಲ ವಿಲ್ಸ್ ಅಂಶ ಎಂದೇ ಹೆಸರಿತ್ತು. 1941ರಲ್ಲಿ ಪಾಲಕ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದವರು ಎಲೆಯ ಲ್ಯಾಟಿನ್ ಹೆಸರಿನಿಂದ ಫೋಲಿಕ್ ಆಮ್ಲ ಎಂದು ಕರೆದರು. ಇಂದು ಜಗತ್ತಿನ ಎಲ್ಲೆಡೆ ಬಸುರಿಯ ಕೈಗೆ ಕೊಡುವ ಆ ಗುಳಿಗೆಯ ವಿದ್ಯೆ ಹುಟ್ಟಿದ್ದು ನಮ್ಮದೇ ಪ್ರಾಂತದ ಜವಳಿ ಕೂಲಿಗಳ ಮೈಯಿಂದ.

ಅದೇ 1928ರಲ್ಲಿ, ಅದೇ ಮುಂಬಯಿಯಲ್ಲಿ, ಗಿರಣಿಯ ಹೆಂಗಸರಿಗೆ ಹೆರಿಗೆಯ ಮುಂಚೆ ಮತ್ತು ನಂತರ ಸಂಬಳ ಸಹಿತ ಬಿಡುವು ಕೊಡುವ ಮಸೂದೆ ಶಾಸನಸಭೆಯ ಮುಂದೆ ಬಂತು. ಡಾ. ಅಂಬೇಡ್ಕರರು ಅದರ ಪರವಾಗಿ ಮಾತಾಡಿದರು. ಹೆರಿಗೆಗೆ ಮುಂಚಿನ ದಿನಗಳಲ್ಲಿ ತಾಯಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತ, ಅದರ ಹೊರೆಯಲ್ಲಿ ಸರಕಾರವೂ ಪಾಲು ಹೊರಬೇಕು ಎಂಬುದು ಅವರ ನಿಲುವು. 1929ರಲ್ಲಿ ಮುಂಬಯಿ ಹೆರಿಗೆ ಸೌಲಭ್ಯ ಕಾನೂನು ಬಂತು, ದೇಶದಲ್ಲೇ ಮೊದಲನೆಯದು. ತೊಂಬತ್ತಕ್ಕೂ ಹೆಚ್ಚು ವರ್ಷ ಕಳೆದಿವೆ. ಈಗಿನ ಕಾನೂನು 26 ವಾರಗಳ ರಜೆ ಕೊಡುತ್ತದೆ. ಆದರೆ ಹಸಿರು ಸೀರೆಯ ದಾರ ಕತ್ತರಿಸುವವಳಿಗೆ ಅದರಲ್ಲಿ ಒಂದು ದಿನವೂ ಇಲ್ಲ. ಅವಳ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಗಂಟು ತಂದುಕೊಡುವ ದಲ್ಲಾಳಿ ಒಬ್ಬನೇ ಅವಳಿಗೆ ಗೊತ್ತು. ಹೀಗೆ ಮನೆಯಲ್ಲೇ ಕೂತು ದುಡಿಯುವ, ಗುತ್ತಿಗೆಯ ಹೆಣ್ಣುಮಕ್ಕಳೂ ಕಾರ್ಮಿಕರೇ ಎಂದು ಅಹಮದಾಬಾದಿನಲ್ಲಿ 1972ರಲ್ಲಿ ಸೇವಾ ಸಂಘ ಕಟ್ಟಿದವರು ಇಳಾ ಭಟ್. ಅವರ ಬಾಲ್ಯ ಕಳೆದದ್ದು ಇದೇ ಸೂರತ್‌ನಲ್ಲಿ.

ಈಗ ಅಡುಗೆ ಮನೆಗೆ ಬರೋಣ. ಬಸುರಿಗೆ ಎಷ್ಟು ಹೆಚ್ಚು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಲೆಕ್ಕದಂತೆ ದಿನಕ್ಕೆ 350 ಕ್ಯಾಲೊರಿ. ಕಡೆಯ ಮೂರು ತಿಂಗಳಲ್ಲಿ ಪ್ರೋಟೀನು ದಿನಕ್ಕೆ 22 ಗ್ರಾಂ ಹೆಚ್ಚು. ಇದು ರಾಜಭೋಜನವಲ್ಲ. ಒಂದು ಜೋಳದ ರೊಟ್ಟಿ, ಒಂದು ಬಟ್ಟಲು ಗಟ್ಟಿ ಬೇಳೆ, ಒಂದು ಹಿಡಿ ಶೇಂಗಾ, ಕ್ಯಾಲೊರಿ ತುಂಬಿತು. ಒಂದು ಲೋಟ ಹಾಲು, ಒಂದು ಮೊಟ್ಟೆ ಅಥವಾ ಇನ್ನಷ್ಟು ಕಾಳು ಸೇರಿಸಿದರೆ ಪ್ರೋಟೀನೂ ಸರಿಹೋಗುತ್ತದೆ. ಇಷ್ಟು ಕೂಡ ಸಿಗುವುದಿಲ್ಲ ಎಂದರೆ ಮನೆಯಲ್ಲಿ ಕಾಳೇ ಇಲ್ಲ ಎಂದಲ್ಲ. ಕೊನೆಗೆ ಉಣ್ಣುವವಳಿಗೆ ಕಾಳು ಉಳಿಯುವುದಿಲ್ಲ. ನಮ್ಮ ಮನೆಗಳನ್ನೂ ನೆನಪಿಸಿಕೊಳ್ಳಿ. ಗಂಡಸರು, ಮಕ್ಕಳು, ಬಂದವರು, ಅತ್ತೆ, ಆಮೇಲೆ ಸೊಸೆ. ಬಸುರಿಯಾದ ಮಾತ್ರಕ್ಕೆ ಆ ಪಂಕ್ತಿಯಲ್ಲಿ ಅವಳ ಜಾಗ ಬದಲಾಗುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ತುಂಬ ಕಾಡಿದೆ. ಹೆರಿಗೆಯಾದ ಕೂಡಲೇ ಮನೆಯ ಮಮತೆಯೆಲ್ಲ ಉಕ್ಕುತ್ತದೆ. ಅಂಟಿನುಂಡೆ, ಆಳ್ವಿ ಪಾಯಸ, ಕೊಬ್ಬರಿ, ಉತ್ತುತ್ತೆ, ತುಪ್ಪ. ಗುಜರಾತಿಗಳಲ್ಲೂ ಗುಂದರ್ ಪಾಕ್, ಕಾಟ್ಲು. ಬಾಣಂತಿಗೆ ಕೊಡುವುದಕ್ಕೆ ನನ್ನ ತಕರಾರಿಲ್ಲ. ಹಾಲೂಡಿಸುವವಳಿಗೆ ಬಸುರಿಗಿಂತ ಹೆಚ್ಚೇ ಬೇಕು. ಆದರೆ ಮಗು ಹೊಟ್ಟೆಯಲ್ಲಿ ಬೆಳೆಯುವ ಒಂಬತ್ತು ತಿಂಗಳು ನಾವು ಅವಳಿಗೆ ಕೊಡುವುದು ಬರೀ ಬೇಡಗಳ ಪಟ್ಟಿ. ಪಪ್ಪಾಯಿ ಬೇಡ, ಬದನೆ ಬೇಡ, ಮೊಟ್ಟೆ ಕಾವು, ಬಾಳೆ ಶೀತ. ಹೊಟ್ಟೆ ತುಂಬ ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟ, ಸಿಸೇರಿಯನ್ ಆದೀತು ಎಂಬ ಅಂಜಿಕೆಯಿಂದ ಎಂಟನೇ ತಿಂಗಳಲ್ಲಿ ಬೇಕೆಂದೇ ಒಂದು ರೊಟ್ಟಿ ಕಡಿಮೆ ತಿನ್ನುವವರನ್ನು ನಾನು ಎರಡೂ ರಾಜ್ಯಗಳಲ್ಲಿ ಕಂಡಿದ್ದೇನೆ. ಕಬ್ಬಿಣದ ಗುಳಿಗೆಗೂ ಇದೇ ಗತಿ. ಸರಕಾರ 180 ಗುಳಿಗೆ ಕೊಡುತ್ತದೆ. ತಿಂದರೆ ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ, ವಾಕರಿಕೆ ಬರುತ್ತದೆ. ಮಗು ಕಪ್ಪಾಗುತ್ತದೆ ಎಂದು ಪಕ್ಕದವಳು ಹೇಳುತ್ತಾಳೆ. ರಾತ್ರಿ ಊಟವಾದ ಮೇಲೆ ತಗೋ, ಚಹಾದ ಜೊತೆ ಬೇಡ, ನಿಂಬೆಹುಳಿ ಹಿಂಡಿಕೋ, ಮಲ ಕಪ್ಪಾದರೆ ಹೆದರಬೇಡ ಎಂದು ಹತ್ತು ನಿಮಿಷ ಕೂತು ಹೇಳುವವರು ಯಾರೂ ಇರುವುದಿಲ್ಲ. ಗುಳಿಗೆ ಗೂಡಿನಲ್ಲಿ ಉಳಿಯುತ್ತದೆ.

ಬಸುರಿಯರು ಕಡಿಮೆ ಉಣ್ಣುವುದಕ್ಕೆ ಸಚಿನ್‌ನ ಕೋಣೆಗಳಲ್ಲಿ ಮತ್ತೊಂದು ಕಾರಣವನ್ನು ಕಂಡೆ. ಯಾವ ಪಠ್ಯಪುಸ್ತಕದಿಂದಲೂ ನಾನು ಅದನ್ನು ಕಲಿಸಿರಲಿಲ್ಲ. ಹತ್ತಾರು ಕೋಣೆಗಳಿಗೆ ಒಂದೋ ಎರಡೋ ಶೌಚಾಲಯ. ಬೆಳಿಗ್ಗೆ ಸರದಿ, ರಾತ್ರಿ ಕತ್ತಲೆ. ಬಸುರಿಗೆ ಪದೇ ಪದೇ ಹೋಗಬೇಕಾಗುತ್ತದೆ. ಅದಕ್ಕೆಂದೇ ಸಂಜೆಯ ಮೇಲೆ ನೀರು ಕುಡಿಯುವುದಿಲ್ಲ, ರಾತ್ರಿ ಅರ್ಧ ಊಟ. ಇದನ್ನು ಒಬ್ಬಳು ನನ್ನ ಕಿವಿಯಲ್ಲಿ ಹೇಳಿದಳು. ಆಮೇಲೆ ಕೇಳುತ್ತ ಹೋದಂತೆ ಬಹಳ ಮಂದಿ ಹೇಳಿದರು. ರಕ್ತ ತೆಳುವಾಗಲು ಊಟದಾಚೆಗೆ ಜಂತುಹುಳು, ಮಲೇರಿಯಾಗಳೂ ಕಾರಣ. ದಕ್ಷಿಣ ಗುಜರಾತಿನ ಆದಿವಾಸಿಗಳಲ್ಲಿ ಕುಡಗೋಲು ಕಣದ ರಕ್ತರೋಗವೂ ಇದೆ. ಅಂಥವರಿಗೆ ಕಬ್ಬಿಣ ಒಂದರಿಂದಲೇ ವಾಸಿಯಾಗದು, ಬೇರೆ ಪರೀಕ್ಷೆ, ಬೇರೆ ನಿಗಾ ಬೇಕು. ಭರೂಚ್ ಜಿಲ್ಲೆಯ ಝಗಡಿಯಾದಲ್ಲಿ ಸೇವಾ ರೂರಲ್ ಸಂಸ್ಥೆ ಇದರ ಮೇಲೆ ದೀರ್ಘಕಾಲ ಶ್ರದ್ಧೆಯಿಂದ ಕೆಲಸ ಮಾಡಿದೆ.

ಬಸುರಿಯಾದ ಮೇಲೆ ಉಣಿಸುವುದು ಕೂಡ ತಡವೇ. ಮೊದಲು ಹೇಳಿದ ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗುಜರಾತಿನ ಶೇ 25.2, ಕರ್ನಾಟಕದ ಶೇ 17.2 ಹೆಣ್ಣುಮಕ್ಕಳು ಎತ್ತರಕ್ಕೆ ತಕ್ಕ ತೂಕವಿಲ್ಲದವರು. ತಾನೇ ಇನ್ನೂ ಬೆಳೆಯುತ್ತಿರುವ ಹುಡುಗಿಯ ಹೊಟ್ಟೆಯಲ್ಲಿ ಮಗು ಬೆಳೆಯಬೇಕಾದರೆ ಇಬ್ಬರೂ ಒಂದೇ ತುತ್ತಿಗೆ ಜಗ್ಗಾಡುತ್ತಾರೆ. ಪುಣೆಯ ಹತ್ತಿರದ ಹಳ್ಳಿಗಳಲ್ಲಿ ಡಾ. ಯಾಜ್ಞಿಕ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ ಹಸಿರು ಸೊಪ್ಪು, ಹಣ್ಣು, ಹಾಲು ಆಗಾಗ ತಿನ್ನುವ ತಾಯಂದಿರ ಮಕ್ಕಳು ದೊಡ್ಡದಾಗಿ ಹುಟ್ಟಿದವು. ಹೊಲದಲ್ಲಿ ಮೈಮುರಿಯುವ ದುಡಿಮೆಯವರ ಮಕ್ಕಳು ಸಣ್ಣದಾಗಿ ಹುಟ್ಟಿದವು. ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆ ಎಂದು ಎಲ್ಲರೂ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ದಾದಿಯರು 1934ರಿಂದ ಪ್ರತಿ ಕೂಸಿನ ತೂಕವನ್ನು ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಪುಸ್ತಕ ಹಿಡಿದು ಮೈಸೂರಿನ ಬೀದಿಗಳಲ್ಲಿ ಆ ಕೂಸುಗಳನ್ನು ಹುಡುಕಿದರು. ಅಷ್ಟರಲ್ಲಿ ಅವರು ನಡುವಯಸ್ಸು ದಾಟುತ್ತಿದ್ದರು. ಹುಟ್ಟುವಾಗ ಕಡಿಮೆ ತೂಗಿದವರಲ್ಲಿ ಹೃದ್ರೋಗ ಹೆಚ್ಚಿತ್ತು. ತಾಯಿ ಬಸುರಿಯಾಗಿದ್ದಾಗ ಬಿಟ್ಟ ಊಟದ ಲೆಕ್ಕ ಐವತ್ತು ವರ್ಷಗಳ ಮೇಲೆ ಮಗನ ಎದೆಯಲ್ಲಿ ತೀರುತ್ತದೆ.

ಸರಕಾರಗಳು ಕೈಕಟ್ಟಿ ಕೂತಿಲ್ಲ. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. 2022ರ ಜೂನ್ 18ರಂದು ವಡೋದರಾದಲ್ಲಿ ಮುಖ್ಯಮಂತ್ರಿ ಮಾತೃಶಕ್ತಿ ಯೋಜನೆಗೆ ಚಾಲನೆ ಸಿಕ್ಕಿತು. ಅಂಗನವಾಡಿಯಿಂದ ತಿಂಗಳಿಗೆ 2 ಕಿಲೊ ಕಡಲೆ, 1 ಕಿಲೊ ತೊಗರಿ ಬೇಳೆ, 1 ಕಿಲೊ ಎಣ್ಣೆ. ಡೇರಿಗಳು ತಯಾರಿಸುವ ಪುಷ್ಟಿಹಿಟ್ಟಿನ ಪೊಟ್ಟಣ ಬೇರೆ. ಕೊಡುವುದು ಒಳ್ಳೆಯದೇ. ಆದರೆ ಮನೆಗೆ ಹೋದ ಬೇಳೆ ಮನೆಯ ಬೇಳೆಯಾಗುತ್ತದೆ. ಮತ್ತದೇ ಪಂಕ್ತಿ, ಮತ್ತೆ ಕೊನೆಯವಳಿಗೆ ತಿಳಿ. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯ ವಿಚಾರ ಬೇರೆ. ಬಸುರಿ ಅಂಗನವಾಡಿಗೆ ಬರಬೇಕು. ಅಲ್ಲೇ ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ತುಂಬು ಬಸುರಿ ಏರು ಹತ್ತಿ ಅಷ್ಟು ದೂರ ನಡೆಯುವುದು ಕಷ್ಟ, ಬೇರೆಯವರ ಎದುರು ಕೂತು ಉಣ್ಣಲು ಸಂಕೋಚ ಎಂಬ ದೂರುಗಳು ಬಂದವು, ದೂರು ನಿಜ. ಹಾಗಿದ್ದರೂ ನನ್ನ ಮತ ಬಿಸಿಯೂಟಕ್ಕೇ. ಬಸುರಿ ತಾನೊಬ್ಬಳೇ, ತನಗೆಂದೇ ಬಡಿಸಿದ್ದನ್ನು, ಕೂತು, ಪೂರ್ತಿ ಉಣ್ಣುವ ಒಂದು ಹೊತ್ತು ಅದು. ಗುಜರಾತಿನ ಆದಿವಾಸಿ ತಾಲ್ಲೂಕುಗಳಲ್ಲಿ ಪೋಷಣ ಸುಧಾ ಹೆಸರಿನಲ್ಲಿ ಇಂಥದೇ ಊಟವಿದೆ. ಅದು ಸಚಿನ್‌ನಂಥ ಕೈಗಾರಿಕಾ ಊರುಗಳಿಗೂ ಬರಬೇಕು. ನಂದುರಬಾರಿನ ಆದಿವಾಸಿ ಹೆಣ್ಣುಮಗಳು ರೈಲು ಹತ್ತಿ ಸಚಿನ್‌ನಲ್ಲಿ ಇಳಿದ ಕೂಡಲೇ ಅವಳ ಹಸಿವು ನಗರದ ಹಸಿವಾಗುವುದಿಲ್ಲ.

ಕಡೆಯ ಮಾತು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ವಿಳಾಸದ ಮಾತು. ವಲಸೆ ಬಂದವಳ ಮೊದಲ ನೋಂದಣಿ ಊರಿನಲ್ಲಿ ಆಗಿರುತ್ತದೆ. ನಡುವಿನ ನಾಲ್ಕೈದು ತಿಂಗಳು ಇಲ್ಲಿ. ಹೆರಿಗೆಗೆ ಮತ್ತೆ ತವರು. ಊರಿನ ಪುಸ್ತಕದಲ್ಲಿ ಅವಳು ಗೈರುಹಾಜರಿ, ಇಲ್ಲಿಯ ಪುಸ್ತಕದಲ್ಲಿ ಅವಳು ಇಲ್ಲವೇ ಇಲ್ಲ. ಮಗುವಿನ ಮೆದುಳು, ಎಲುಬು ಬೆಳೆಯುವ ನಡುಗಾಲವೇ ಹೀಗೆ ಎರಡು ಪುಸ್ತಕಗಳ ಸಂದಿನಲ್ಲಿ ಕಳೆದುಹೋಗುತ್ತದೆ. ಹಸಿರು ಸೀರೆಯ ದಾರ ಕತ್ತರಿಸುತ್ತಿದ್ದ ಆ ಹೆಣ್ಣುಮಗಳು ಮೂರು ತಿಂಗಳಿಂದ ಅದೇ ಕೋಣೆಯಲ್ಲಿದ್ದಳು. ಅಂಗನವಾಡಿ ಹಿಂದಿನ ಗಲ್ಲಿಯಲ್ಲೇ ಇತ್ತು. ಅಲ್ಲಿ ತನಗೆ ಏನಾದರೂ ಸಿಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ತಾನು ಹೊರಗಿನವಳು, ರೇಷನ್ ಕಾರ್ಡು ಊರಲ್ಲಿದೆ, ಕೇಳಿದರೆ ಬೈಯುತ್ತಾರೆ ಎಂದುಕೊಂಡಿದ್ದಳು.

ಆದ್ದರಿಂದ ಇಲ್ಲಿ ಕೂತ ಪ್ರತಿಯೊಬ್ಬರಲ್ಲಿ ಒಂದು ಬೇಡಿಕೆ. ನಿಮ್ಮಲ್ಲಿ ಹೋಟೆಲು ನಡೆಸುವವರಿದ್ದೀರಿ, ಕಾರ್ಖಾನೆಯ ಎಂಜಿನಿಯರುಗಳಿದ್ದೀರಿ, ಬ್ಯಾಂಕಿನವರಿದ್ದೀರಿ, ಮನೆಗೆಲಸಕ್ಕೆ ಹೆಂಗಸರನ್ನು ಇಟ್ಟುಕೊಂಡವರಿದ್ದೀರಿ. ಪಾತ್ರೆ ತೊಳೆಯುವವಳು, ಕಸ ಗುಡಿಸುವವಳು, ಕಾವಲುಗಾರನ ಹೆಂಡತಿ, ಅವರಲ್ಲಿ ಯಾರಾದರೂ ಬಸುರಿಯಾಗಿದ್ದರೆ ಬಂದ ಕೂಡಲೇ ಕೆಲಸ ಹೇಳಬೇಡಿ. ಮೊದಲು ಊಟ ಆಯಿತಾ ಎಂದು ಕೇಳಿ. ಆಗಿಲ್ಲವಾದರೆ ತಟ್ಟೆ ಹಾಕಿ, ಗಟ್ಟಿ ಬೇಳೆ ಬಡಿಸಿ, ನಿಮ್ಮೆದುರೇ ಉಣ್ಣಲಿ. ಕಟ್ಟಿ ಕೊಡಬೇಡಿ, ಕಟ್ಟಿ ಕೊಟ್ಟದ್ದು ಮಕ್ಕಳಿಗೆ ಹೋಗುತ್ತದೆ. ಅಂಗನವಾಡಿಯ ಊಟಕ್ಕೆ ಬಡತನದ ಕಾರ್ಡನ್ನು ಅರ್ಹತೆಯಾಗಿ ಕೇಳಕೂಡದೆಂದು ಸುಪ್ರೀಂ ಕೋರ್ಟು 2004ರಲ್ಲೇ ಹೇಳಿದೆ. 2013ರ ಆಹಾರ ಭದ್ರತಾ ಕಾಯಿದೆ ಅದನ್ನು ಗರ್ಭಿಣಿಯ ಹಕ್ಕೆಂದು ಬರೆದಿದೆ. ಇದನ್ನು ಅವಳಿಗೆ ಅವಳ ಭಾಷೆಯಲ್ಲಿ ಹೇಳಿ. ಹೇಳಿದರೂ ಅವಳು ಒಬ್ಬಳೇ ಹೋಗಲಾರಳು. ಅಂಗನವಾಡಿಯಲ್ಲಿ ಬಸುರಿಯರ ತಪಾಸಣೆ ನಡೆಯುವ ಮಮತಾ ದಿವಸ ಮುಂದೆ ಯಾವತ್ತು ಎಂದು ವಿಚಾರಿಸಿ, ಆ ದಿನ ಒಂದು ಗಂಟೆ ಬಿಡುವು ಮಾಡಿಕೊಂಡು, ಅವಳ ಜೊತೆ ಅಂಗನವಾಡಿಯ ಬಾಗಿಲವರೆಗೆ ನಡೆದು ಬನ್ನಿ.